ಸದ್ದಲೇ! ಮೇಷ್ಟ್ರಿಗೆ ಚಟ ಹತ್ತೈತಲೇ!

ಭರತ ಹುಣ್ಣಿಮೆ ಕಳೆದು ಮೈಲಾರದ ಡೆಂಕನಮರಡಿಯಲ್ಲಿ ಗೊರವಯ್ಯನವರು ಎತ್ತರದ ಬಿಲ್ಲೇರಿ 'ಸದ್ದಲೇ' ಅಂದರೆ ಲಕ್ಷಗಟ್ಟಲೆ ಮಂದಿ ಉಸಿರು ಬಿಗಿಹಿಡಿಯುತ್ತಾರೆ. ಅವರು ನುಡಿಯುವ ಭವಿಷ್ಯವಾಣಿ ಒಂದೇ ಸಾಲು. ಆ ಸಾಲಿಗೆ ಅರ್ಥ ಹಚ್ಚುವ ಕೆಲಸ ಹೂವಿನಹಡಗಲಿಯ ಚಹಾದಂಗಡಿಯಿಂದ ವಿಧಾನಸೌಧದ ಮೊಗಸಾಲೆಯವರೆಗೆ ವರ್ಷಪೂರ್ತಿ ನಡೆಯುತ್ತದೆ. ರೈತನಿಗೆ ಅದರಲ್ಲಿ ಮಳೆ ಕಾಣುತ್ತದೆ, ದಲ್ಲಾಳಿಗೆ ಮೆಕ್ಕೆಜೋಳದ ರೇಟು, ಶಾಸಕರಿಗೆ ಮಂತ್ರಿಗಿರಿ. ಒಂದು ಮಾತಿನಿಂದ ಹತ್ತು ಅರ್ಥ ಹೊರಡಿಸುವುದರಲ್ಲಿ ನಮ್ಮ ಸೀಮೆಯವರನ್ನು ಮೀರಿಸಿದವರಿಲ್ಲ. ಅಂಥ ನಾವು ಹತ್ತು ಅರ್ಥಕ್ಕೂ ಒಂದೇ ಮಾತು ಸಾಕು ಅಂತ ಕೈಕಟ್ಟಿ ಕೂತಿರುವುದು ನೋವಿನ ಗುಳಿಗೆಯ ವಿಷಯದಲ್ಲಿ ಮಾತ್ರ. ಆ ಮಾತು 'ಚಟ'.

ನಮ್ಮ ಓಣಿಯ ಮೇಷ್ಟ್ರ ಕಥೆ ಕೇಳಿ. ಮೂವತ್ತು ವರ್ಷ ಮಕ್ಕಳಿಗೆ ಕನ್ನಡ ಕಲಿಸಿ ನಿವೃತ್ತರಾದವರು. ಸ್ಕೂಟರಿನಿಂದ ಬಿದ್ದು ಬೆನ್ನುಹುರಿಯ ಆಪರೇಶನ್ ಆಯಿತು. ಆಪರೇಶನ್ ಸಕ್ಸೆಸ್ ಅಂತ ಕಾಗದ ಬರೆದುಕೊಟ್ಟರು. ನೋವು ಆ ಕಾಗದ ಓದಲಿಲ್ಲ. ಡಾಕ್ಟರು 50 ಮಿಲಿಗ್ರಾಂ ಟ್ರಮಡಾಲ್ ಬರೆದರು, ಬೆಳಿಗ್ಗೆ ಒಂದು, ರಾತ್ರಿ ಒಂದು. ನಾಲ್ಕು ವರ್ಷ ಅಷ್ಟೇ. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಗುಳಿಗೆ ನುಂಗಿ ಮೇಷ್ಟ್ರು ಹೊಲಕ್ಕೆ ಹೋಗಿ ಮಲ್ಲಿಗೆ ಮೊಗ್ಗು ಬಿಡಿಸುವವರ ಲೆಕ್ಕ ಬರೆಯುವರು, ಮೊಮ್ಮಗಳಿಗೆ ಕಾಗುಣಿತ ತಿದ್ದುವರು, ಒಂಬತ್ತಕ್ಕೆ ಮಲಗುವರು.

ಒಂದು ದಿನ ಔಷಧಿ ಅಂಗಡಿಯವನು ತಲೆ ಅಲ್ಲಾಡಿಸಿದ. "ಇಲ್ಲ ಸರ್, ಮ್ಯಾಲಿಂದ ಆರ್ಡರ್ ಬಂದೈತಿ. ಆ ಗುಳಿಗಿ ಇಡೋದ ಬಿಟ್ಟೀವಿ." ಡಾಕ್ಟರ ಚೀಟಿ ತೋರಿಸಿದರು. ಅವನು ಚೀಟಿ ನೋಡಲಿಲ್ಲ, ಮೇಷ್ಟ್ರ ಮುಖ ನೋಡಿದ, ಕಳ್ಳನನ್ನು ನೋಡುವ ಹಾಗೆ.

ಎರಡನೇ ದಿನಕ್ಕೆ ಮೇಷ್ಟ್ರಿಗೆ ಬೆವರು, ಆಕಳಿಕೆ ಮೇಲೆ ಆಕಳಿಕೆ. ಮೂಗು ಸೋರಿತು, ಮೈಮೇಲೆ ಮುಳ್ಳು ಎದ್ದವು, ಹೊಟ್ಟೆ ಕೆಟ್ಟಿತು, ನಿದ್ದೆ ಹಾರಿತು, ಹಳೆಯ ನೋವು ಬಡ್ಡಿ ಸಮೇತ ಬಂತು. ಕಂಬಳಿ ಹೊದ್ದು ನಡುಗುತ್ತ ಮಲಗಿದ ಅಪ್ಪನನ್ನು ನೋಡಿದ ಮಗ ತೀರ್ಪು ಕೊಡಬೇಕೆಂದು ಬಾಯಿ ತೆರೆದ. ಆಗಲಿಲ್ಲ. ಬಾಯಿ ತುಂಬಿತ್ತು. ಹೊರಗೆ ಹೋಗಿ ಚರಂಡಿಗೆ ಉಗುಳಿ ಬಂದು ಹೇಳಿದ: "ನೋಡ್ರಿ, ನಾ ಮೊದ್ಲ ಹೇಳಿದ್ನಿಲ್ಲ? ಅಪ್ಪಗ ಚಟ ಹತ್ತೈತಿ."

ಗುಟ್ಕಾ ನಮ್ಮ ರಾಜ್ಯದಲ್ಲಿ 2013ರಿಂದ ನಿಷೇಧ. ಆದ್ದರಿಂದ ನಮ್ಮೂರಲ್ಲಿ ಗುಟ್ಕಾ ಸಿಗುವುದಿಲ್ಲ. ಪಾನ್ ಮಸಾಲಾದ ಒಂದು ಚೀಟು, ತಂಬಾಕಿನ ಒಂದು ಚೀಟು ಬೇರೆ ಬೇರೆ ಸಿಗುತ್ತವೆ. ಎರಡನ್ನೂ ಅಂಗೈಯಲ್ಲಿ ಕೂಡಿಸುವವನು ಕಾನೂನು ಮುರಿದಿಲ್ಲ, ಬರೀ ಕೂಡಿಸುವ ಲೆಕ್ಕ ಮಾಡಿದ್ದಾನೆ. ಮೇಷ್ಟ್ರ ಮಗ ದಿನಕ್ಕೆ ಹದಿನಾಲ್ಕು ಸಲ ಈ ಲೆಕ್ಕ ಮಾಡುತ್ತಾನೆ.

ಮೇಷ್ಟ್ರು ನಡುಕದಲ್ಲೂ ಮೇಷ್ಟ್ರೇ. ಕಂಬಳಿಯೊಳಗಿಂದಲೇ ಪಾಠ ಶುರು ಮಾಡಿದರು. "ಲೇ ತಮ್ಮಾ, ಕನ್ನಡದಾಗ ಶಬ್ದಕ್ಕೇನ ಬರಗಾಲ ಬಂದೈತೇನು? ರೂಢಿ ಅಂತೈತಿ, ಒಗ್ಗೋದು ಅಂತೈತಿ, ಗೀಳು ಅಂತೈತಿ, ಚಟ ಅಂತೈತಿ. ನಿಮ್ಮವ್ವ ಹೊತ್ತುಮೂಡಿ ಚಾ ಕುಡೀದಿದ್ರ ಮಧ್ಯಾಹ್ನಕ್ಕ ತಲಿನೋವು ಅಂತಾಳ. ಅದು ಮೈಗೆ ಒಗ್ಗಿದ್ದು. ಚಾ ಸಲುವಾಗಿ ಕೊಳ್ಳಾಗಿನ ಗುಂಡಿನ ಸರ ಮಾರಿದ್ರ ಚಟ. ಆಕಿ ಮಾರ್‍ಯಾಳೇನು?"

ಮೇಷ್ಟ್ರು ಹೇಳಿದ್ದು ವೈದ್ಯಶಾಸ್ತ್ರವೇ, ಗುಂಡಿನ ಸರ ಮಾತ್ರ ಅವರ ಸ್ವಂತದ್ದು. ಟ್ರಮಡಾಲ್‌ನಂಥ ಅಫೀಮಿನ ಬಳಗದ ಔಷಧಿ ಯಾವುದನ್ನೇ ಆಗಲಿ ದಿನಾ, ವಾರಗಟ್ಟಲೆ ತಗೊಂಡರೆ ಮೈ ಅದಕ್ಕೆ ತಕ್ಕಂತೆ ತನ್ನ ಸಂಸಾರ ಹೊಂದಿಸಿಕೊಳ್ಳುತ್ತದೆ. ಒಮ್ಮೆಲೇ ನಿಲ್ಲಿಸಿದರೆ ಸಂಸಾರ ತಲೆಕೆಳಗು: ಬೆವರು, ಭೇದಿ, ನಡುಕ. ಇದು ಅವಲಂಬನೆ. ಸಾಧುವಿಗೂ ಆಗುತ್ತದೆ, ಸನ್ಯಾಸಿಗೂ ಆಗುತ್ತದೆ. ಸ್ಟೆರಾಯ್ಡ್ ಗುಳಿಗೆಯನ್ನೂ ಕೆಲವು ಬಿಪಿ ಗುಳಿಗೆಗಳನ್ನೂ ಹೀಗೇ ಥಟ್ಟನೆ ಬಿಟ್ಟರೆ ಜೀವಕ್ಕೇ ಸಂಚಕಾರ. ಹಾಗಂತ ಬಿಪಿ ಗುಳಿಗೆ ನುಂಗುವ ಅಜ್ಜಿಯನ್ನು ಯಾರೂ 'ಬಿಪಿ ಚಟದಾಕಿ' ಅನ್ನುವುದಿಲ್ಲ. ಚಟದ ಗುರುತೇ ಬೇರೆ: ಬೇಡ ಅಂದುಕೊಂಡರೂ ಕೈ ತಡೆಯದಿರುವುದು, ದಿನದಿನಕ್ಕೆ ಹೆಚ್ಚು ಬೇಕೆನಿಸುವುದು, ಸುಳ್ಳು, ಸಾಲ, ಕೆಲಸ ಹೋದರೂ ಮನೆ ಮುಳುಗಿದರೂ ಅದೇ ಧ್ಯಾನ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ಕೈಪಿಡಿಯಲ್ಲಿ ಸ್ಪಷ್ಟವಾಗಿ ಬರೆದಿದೆ: ಡಾಕ್ಟರ ನಿಗಾದಲ್ಲಿ ಹೇಳಿದಷ್ಟೇ ತಗೊಳ್ಳುವವರಲ್ಲಿ ಕಾಣುವ ಒಗ್ಗಿಕೆಯನ್ನೂ ಬಿಟ್ಟಾಗಿನ ನಡುಕವನ್ನೂ ಚಟದ ಲೆಕ್ಕಕ್ಕೆ ಹಿಡಿಯಬಾರದು. ಈ ಗುರುತುಗಳನ್ನು ಮನೆಯಲ್ಲಿ ಸಾಲಾಗಿ ಒರೆ ಹಚ್ಚಿ ನೋಡಿದರೆ ಅಪ್ಪ ಫೇಲು, ಮಗ ಡಿಸ್ಟಿಂಕ್ಷನ್.

ಇಷ್ಟಕ್ಕೇ ಗುಳಿಗೆಗೆ ಪರಾಕು ಹೇಳಬೇಕಾಗಿಲ್ಲ. ದೀರ್ಘಕಾಲದ ನೋವಿಗೆ ಇಂಥ ಗುಳಿಗೆ ತಗೊಳ್ಳುವವರಲ್ಲಿ 100ಕ್ಕೆ 8ರಿಂದ 12 ಮಂದಿಗೆ ನಿಜವಾದ ಚಟವೇ ಅಂಟುತ್ತದೆ ಎಂದು 2015ರಲ್ಲಿ ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದವರು ಹೇಳಿದರು. ಸಣ್ಣ ಸಂಖ್ಯೆಯಲ್ಲ. 2018ರಲ್ಲಿ ಅಮೆರಿಕದಲ್ಲಿ ಬೆನ್ನು, ಸೊಂಟ, ಮೊಣಕಾಲು ನೋವಿನ 240 ಜನರನ್ನು ಒಂದು ವರ್ಷ ನೋಡಿದಾಗ, ಅಫೀಮು ಬಳಗದ ಗುಳಿಗೆ ಪ್ಯಾರಾಸಿಟಮಾಲ್‌ನಂಥ ಸಾದಾ ಗುಳಿಗೆಗಳಿಗಿಂತ ಮೇಲಾಗಿ ಏನೂ ಕೆಲಸ ಮಾಡಿರಲಿಲ್ಲ. ಹಾಗಾದರೆ ಮೇಷ್ಟ್ರಿಗೆ ಆ ಗುಳಿಗೆ ಬೇಕಿತ್ತೋ ಇಲ್ಲವೋ? ಕೇಳಬೇಕಾದ ಪ್ರಶ್ನೆಯೇ. ಆದರೆ ಕೇಳಬೇಕಾದವರು ಬರೆದ ಡಾಕ್ಟರು, ಮಾತಾಡಬೇಕಾದ್ದು ಮೇಷ್ಟ್ರ ಜೊತೆ, ಇಳಿಸಬೇಕಾದ್ದು ಮೆಟ್ಟಿಲು ಮೆಟ್ಟಿಲಾಗಿ. ನಮ್ಮಲ್ಲಿ ಅದನ್ನು ತೀರ್ಮಾನಿಸಿದ್ದು ಅಂಗಡಿಯವನ ಅಂಜಿಕೆ ಮತ್ತು ಮಗನ ತಂಬಾಕು.

ಅಂಗಡಿಯವನನ್ನೇ ಬೈದು ಪ್ರಯೋಜನವಿಲ್ಲ. ಅವನ ಅಂಜಿಕೆಗೆ ಹುಟ್ಟಿದ ದಿನಾಂಕವಿದೆ: 1985ರ ಎನ್‌ಡಿಪಿಎಸ್ ಕಾಯ್ದೆ. ಮಾದಕ ವಸ್ತು ಸಾಗಿಸುವವರನ್ನು ಹಿಡಿಯಲು ಬಂದ ಕಾನೂನು. ಸಣ್ಣ ತಪ್ಪಿಗೂ ಹತ್ತು ವರ್ಷದ ಭಯ, ಒಂದು ಮಾರ್ಫಿನ್ ಗುಳಿಗೆ ಆಸ್ಪತ್ರೆಯ ಕಪಾಟು ಸೇರಬೇಕಾದರೆ ನಾಲ್ಕೈದು ಲೈಸೆನ್ಸು, ಒಂದರ ಅವಧಿ ಮುಗಿಯುವುದರೊಳಗೆ ಇನ್ನೊಂದು ಬರಬೇಕಿತ್ತು. ಕಳ್ಳಸಾಗಣೆದಾರ ಅರ್ಜಿ ಬರೆಯುವವನಲ್ಲ, ಅವನಿಗೇನೂ ತೊಂದರೆ ಆಗಲಿಲ್ಲ. ಅರ್ಜಿ ಬರೆಯುವ ಆಸ್ಪತ್ರೆಗಳು ಬೇಸತ್ತು ಬಿಟ್ಟುಬಿಟ್ಟವು. ದೇಶದಲ್ಲಿ ವೈದ್ಯಕೀಯ ಮಾರ್ಫಿನ್ ಬಳಕೆ 97% ಇಳಿದು, 1997ರಲ್ಲಿ ಇಡೀ ಭಾರತದ ರೋಗಿಗಳೆಲ್ಲ ಸೇರಿ ಬಳಸಿದ್ದು 18 ಕಿಲೋ. ನಮ್ಮ ಮದುವೆ ಊಟಕ್ಕೆ ಗಸಗಸೆ ಅದಕ್ಕಿಂತ ಹೆಚ್ಚು ತರಿಸುತ್ತೇವೆ.

ಗಸಗಸೆ ಎಂದೆನಲ್ಲ, ಅದೂ ಮಾರ್ಫಿನ್ ಕೊಡುವ ಅಫೀಮಿನ ಗಿಡದ್ದೇ. ಪಾಯಸ ಕುಡಿದು ಮಧ್ಯಾಹ್ನ ಎರಡು ತಾಸು ಬೀಳುವ ನಮಗೆ ಆ ಗಿಡದ ಪರಿಚಯ ಹೊಸದಲ್ಲ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶದ ರೈತರು ಸರ್ಕಾರದ ಲೈಸೆನ್ಸಿನಲ್ಲಿ ಅಫೀಮು ಬೆಳೆಯುತ್ತಾರೆ. ಗಾಜೀಪುರದಲ್ಲೂ ನೀಮಚ್‌ನಲ್ಲೂ ಸರ್ಕಾರದ್ದೇ ಕಾರ್ಖಾನೆಗಳಿವೆ. ಲೋಕದ ಔಷಧಿ ಕಂಪನಿಗಳಿಗೆ ನಾವು ಅಫೀಮು ಮಾರುತ್ತೇವೆ. ಲ್ಯಾನ್ಸೆಟ್ ಆಯೋಗ 2017ರಲ್ಲಿ ಲೆಕ್ಕ ಹಾಕಿತು: ತೀವ್ರ ನೋವಿನ ಒಬ್ಬೊಬ್ಬ ರೋಗಿಯ ಪಾಲಿಗೆ ಭಾರತದಲ್ಲಿ ಸಿಗುವುದು ವರ್ಷಕ್ಕೆ 43 ಮಿಲಿಗ್ರಾಂ ಮಾರ್ಫಿನ್, ಬೇಕಾದ್ದರಲ್ಲಿ 4%. ಅಮೆರಿಕದಲ್ಲಿ 55,000 ಮಿಲಿಗ್ರಾಂ ಮೇಲೆ, ಬೇಕಾದ್ದರ ಮೂವತ್ತು ಪಟ್ಟು. ಬೆಳೆದವನ ಮನೆಯಲ್ಲಿ ಬರ, ಕೊಂಡವನ ಮನೆಯಲ್ಲಿ ಪ್ರವಾಹ.

ಪ್ರವಾಹದ ಕಥೆ ನಿಮಗೆ ಗೊತ್ತಿದ್ದದ್ದೇ. 1996ರಲ್ಲಿ ಅಮೆರಿಕದ ಪರ್ಡ್ಯೂ ಎಂಬ ಕಂಪನಿ ಆಕ್ಸಿಕಾಂಟಿನ್ ಎಂಬ ಗುಳಿಗೆ ತಂದು 'ಇದರಿಂದ ಚಟ ಹತ್ತುವುದು ಬಲು ಅಪರೂಪ' ಎಂದು ಡಾಕ್ಟರ ಮನೆಮನೆಗೆ ಸಾರಿತು. ಹೆಣಗಳ ರಾಶಿ ಬಿದ್ದ ಮೇಲೆ 2007ರಲ್ಲಿ ಒಮ್ಮೆ, 2020ರಲ್ಲಿ ಮತ್ತೊಮ್ಮೆ ತಪ್ಪೊಪ್ಪಿಕೊಂಡಿತು. 2016ರಲ್ಲಿ ಅಲ್ಲಿನ ಸರ್ಕಾರ ಎಚ್ಚರ ಹೇಳಿದ್ದೇ ತಡ, ಅಷ್ಟು ದಿನ ಕೈಬಿಚ್ಚಿ ಬರೆದ ಡಾಕ್ಟರುಗಳೇ ವರ್ಷಗಟ್ಟಲೆ ನುಂಗಿದವರಿಗೆ ಒಂದೇ ದಿನದಲ್ಲಿ ಬಾಗಿಲು ಹಾಕಿದರು. ನರಳಿ ಆತ್ಮಹತ್ಯೆ ಮಾಡಿಕೊಂಡವರ ಸುದ್ದಿ ಬಂದ ಮೇಲೆ 2019ರಲ್ಲಿ 'ಥಟ್ಟನೆ ನಿಲ್ಲಿಸಬೇಡಿ' ಎಂದು ಔಷಧಿ ಇಲಾಖೆಯೇ ಎಚ್ಚರಿಸಬೇಕಾಯಿತು. ಆ ದೇಶ ಬಾವಿಗೆ ಬಿದ್ದು ಇಪ್ಪತ್ತು ವರ್ಷ ಕಳೆದರೂ ಪೂರ್ತಿ ಮೇಲೆ ಬಂದಿಲ್ಲ. ನಾವು ಬಾವಿಯ ನೀರೇ ಕುಡಿಯದೆ ಅದರ ಹೊಟ್ಟೆನೋವು ಮಾತ್ರ ತರಿಸಿಕೊಂಡೆವು.

ನೀರು ಅಂದ ಕೂಡಲೇ ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ ಕಡೆಯ ಕೊಳವೆಬಾವಿ ನೆನಪಾಗುತ್ತದೆ. ಲೀಟರಿಗೆ ಒಂದೂವರೆ ಮಿಲಿಗ್ರಾಂಗಿಂತ ಹೆಚ್ಚು ಫ್ಲೋರೈಡ್ ಇದ್ದ ನೀರು ಕುಡಿದು ಹಲ್ಲು ಕಂದಿ, ಮೊಣಕಾಲು ಬಾಗಿ, ಬೆನ್ನು ಬಿಗಿದವರು ನಮ್ಮ ಊರೂರಲ್ಲಿ ಇದ್ದಾರೆ. ಗುಳೆ ಹೋಗಿ ಇಟ್ಟಿಗೆ ಹೊತ್ತು, ಕಬ್ಬು ಕಡಿದು ಸೊಂಟ ಕಳಕೊಂಡವರು ಬೇರೆ. ಇವರಿಗೆಲ್ಲ ನೋವಿನ ವೈದ್ಯ ಒಬ್ಬನೇ: ಬೈಕಿನ ಮೇಲೆ ಚೀಲ ತೂಗುಹಾಕಿಕೊಂಡು ಬರುವ ಆರ್‌ಎಂಪಿ. "ಸೂಜಿ ಮಾಡ್ರಿ ಡಾಕ್ಟ್ರೇ" ಅಂದರೆ ಸಾಕು, ಡೈಕ್ಲೋಫೆನಾಕ್ ಜೊತೆಗೆ ಸ್ಟೆರಾಯ್ಡ್ ಕೂಡಿಸಿ ಚುಚ್ಚುತ್ತಾನೆ. ಮುದುಕಪ್ಪ ಎದ್ದು ಕುಣಿಯುತ್ತಾನೆ. ಮುಂದಿನ ವಾರ ಮತ್ತೆ ಸೂಜಿ. ಕಿಡ್ನಿ ಹೋಗುತ್ತದೆ, ಸಕ್ಕರೆ ಏರುತ್ತದೆ, ಮೂಳೆ ಪೊಳ್ಳಾಗುತ್ತದೆ. ಇದಕ್ಕೆ ನಾವು ಚಟ ಅನ್ನುವುದಿಲ್ಲ, 'ಕೈಗುಣ' ಅನ್ನುತ್ತೇವೆ.

ನಶೆ ಬೇಕಾದವರಿಗೂ ಏನೂ ಕೊರತೆಯಾಗಿಲ್ಲ. ಟ್ರಮಡಾಲನ್ನು 2018ರಲ್ಲಿ ಎನ್‌ಡಿಪಿಎಸ್ ಪಟ್ಟಿಗೆ ಸೇರಿಸಿದರು. ಅದು ಬಿಟ್ಟುಹೋದ ಜಾಗಕ್ಕೆ ಅದರ ದಾಯಾದಿ ಟಪೆಂಟಡಾಲ್ ಬಂದು ಕೂತಿತು. 2025ರ ಫೆಬ್ರುವರಿಯಲ್ಲಿ ಮುಂಬಯಿಯ ಕಂಪನಿಯೊಂದು ಅದಕ್ಕೆ ಇನ್ನೊಂದು ಮತ್ತಿನ ಮದ್ದು ಬೆರೆಸಿ ಪಶ್ಚಿಮ ಆಫ್ರಿಕಕ್ಕೆ ಸಾಗಿಸುತ್ತಿದ್ದುದನ್ನು ಬಿಬಿಸಿ ಬಯಲಿಗೆಳೆದ ಮೇಲೆ ಕೇಂದ್ರಕ್ಕೆ ಎಚ್ಚರವಾಯಿತು. ಮೇಷ್ಟ್ರಿಗೆ ಸಿಗದ ಗುಳಿಗೆಯ ದಾಯಾದಿ ಘಾನಾದವರೆಗೆ ಹಡಗು ಹತ್ತಿತ್ತು. ಇನ್ನು ಮದ್ಯ? ಅದಕ್ಕಂತೂ 2003ರಿಂದ ಸರ್ಕಾರದ್ದೇ ನಿಗಮ ಸಗಟು ವ್ಯಾಪಾರಿ, ಬಜೆಟ್ಟಿನಲ್ಲಿ ವರ್ಷವರ್ಷ ಗುರಿ. ಕುಡುಕನ ಚಟ ರಾಜ್ಯದ ಆದಾಯ, ರೋಗಿಯ ನೋವು ರಾಜ್ಯದ ಅನುಮಾನ.

ಈ ಅನುಮಾನ ಎಲ್ಲಿಗೆ ಮುಟ್ಟುತ್ತದೆ ಅನ್ನಲು ನನ್ನ ದೊಡ್ಡಪ್ಪನ ವಿಷಯ ಎರಡೇ ಮಾತಿನಲ್ಲಿ ಹೇಳಿಬಿಡುತ್ತೇನೆ. ಗದ್ದದ ಕ್ಯಾನ್ಸರ್ ಕೊನೆಯ ಹಂತದಲ್ಲಿತ್ತು. ದೊಡ್ಡ ಊರಿನ ಆಸ್ಪತ್ರೆಯೊಂದರಲ್ಲಿ ಮಾರ್ಫಿನ್ ಕೇಳಿದ್ದಕ್ಕೆ ಅಲ್ಲಿನ ಕಿರಿಯ ವೈದ್ಯ, "ಅದೆಲ್ಲಾ ಬ್ಯಾಡ್ರಿ, ಅಡಿಕ್ಟ್ ಆಗ್ತಾರ" ಅಂದ. ದೊಡ್ಡಪ್ಪನಿಗೆ ಆಗ ಉಳಿದಿದ್ದದ್ದು ಮೂರು ವಾರ. ಮೂರು ವಾರದಲ್ಲಿ ಅವನು ಯಾವ ಮನೆ ಮುಳುಗಿಸುತ್ತಿದ್ದನೋ ದೇವರೇ ಬಲ್ಲ. ಮಾರ್ಫಿನ್ ಕೊಟ್ಟ ರೋಗಿಯನ್ನು ದಿನವೂ ಕಾಡುವ ತೊಂದರೆ ಮಲಬದ್ಧತೆ, ಅದಕ್ಕೆ ಜೊತೆಗೇ ಒಂದು ಮದ್ದು ಬರೆಯಬೇಕು. ಆದರೆ ಚಟಕ್ಕೆ ಹೆದರಿದರೆ ಬರುವ ಗಾಂಭೀರ್ಯ ಮಲಬದ್ಧತೆಗೆ ಹೆದರಿದರೆ ಬರುವುದಿಲ್ಲ.

ಅದೇ ಮೈಲಾರದ ಜಾತ್ರೆಯಲ್ಲಿ ಕಂಚಾವೀರರು ಮೀನಖಂಡಕ್ಕೆ ಗೂಟ ತೂರಿಸಿಕೊಳ್ಳುವ ಪವಾಡ ನೋಡಿ ಬೆಳೆದವರು ನಾವು. ನೋವು ನುಂಗಿದವನೇ ಗಂಡಸು ಅನ್ನುವ ಗರ್ವ ನಮ್ಮ ರಕ್ತದಲ್ಲಿದೆ. ಆದರೆ ಕಂಚಾವೀರರ ಪವಾಡ ಜಾತ್ರೆಗೊಮ್ಮೆ, ಅದೂ ಭಂಡಾರ ಹಚ್ಚಿ 'ಏಳುಕೋಟಿ' ಅನ್ನುವ ಸಾವಿರ ಕೊರಳುಗಳ ನಡುವೆ. ಮೇಷ್ಟ್ರ ಬೆನ್ನಿನ ಗೂಟ ದಿನಾ, ಕತ್ತಲೆ ಕೋಣೆಯಲ್ಲಿ, ಪರಾಕು ಹೇಳುವವರಿಲ್ಲದೆ.

ಕಾನೂನು ಬದಲಾಗಿಲ್ಲವೇ? ಬದಲಾಗಿದೆ. ತಿರುವನಂತಪುರದ ಡಾ. ಎಂ.ಆರ್. ರಾಜಗೋಪಾಲ್ ಅಂಥವರು ವರ್ಷಗಟ್ಟಲೆ ದೆಹಲಿಯ ಮೆಟ್ಟಿಲು ಸವೆಸಿದ ಮೇಲೆ 2014ರಲ್ಲಿ ತಿದ್ದುಪಡಿ ಬಂತು. ಮಾರ್ಫಿನ್ ಸೇರಿ ಆರು ಔಷಧಿಗಳು 'ಅಗತ್ಯ ಮಾದಕ ಔಷಧಿ' ಆದವು. ರಾಜ್ಯದ ಔಷಧ ನಿಯಂತ್ರಕರ ಒಂದೇ ಮಾನ್ಯತೆ ಇದ್ದರೆ ಆಸ್ಪತ್ರೆ ಅವನ್ನು ಇಟ್ಟುಕೊಳ್ಳಬಹುದು. 2016ರಲ್ಲಿ ಕರ್ನಾಟಕವೂ ನೋವು ತಗ್ಗಿಸುವ ಉಪಶಾಮಕ ಆರೈಕೆಯ ನೀತಿ ಮಾಡಿತು. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ, ಕೊನೆಗಾಲದ ಆರೈಕೆಯ ಕರುಣಾಶ್ರಯದಲ್ಲಿ ಮಾರ್ಫಿನ್ ಸಿಗುತ್ತದೆ. ನೀತಿ ಬೆಂಗಳೂರಿನಲ್ಲಿದೆ, ಗುಳಿಗೆ ಬೆಂಗಳೂರಿನಲ್ಲಿದೆ, ನೋವು ಹಡಗಲಿಯಲ್ಲಿದೆ. ನಡುವೆ ರಾತ್ರಿ ಬಸ್ಸಿದೆ, ಅದರ ಹಿಂದಿನ ಸೀಟಿನಲ್ಲಿ ಗದ್ದದ ಕ್ಯಾನ್ಸರಿನವರು ಕೂತಿರುತ್ತಾರೆ.

ಓದುವವರಲ್ಲಿ ಒಂದು ಕೇಳಿಕೆ. ಮನೆಯಲ್ಲಿ ಯಾರಾದರೂ ತಿಂಗಳುಗಟ್ಟಲೆ ಇಂಥ ಗುಳಿಗೆ ತಗೊಳ್ಳುತ್ತಿದ್ದರೆ ಕಸಿದು ಎಸೆಯಬೇಡಿ, ನೀವೂ ಥಟ್ಟನೆ ಬಿಡಬೇಡಿ. ಬರೆದವರ ಬಳಿಗೇ ಹೋಗಿ, ಬೇಕೋ ಬೇಡವೋ ಕೇಳಿ. ಬೇಡ ಎಂದಾದರೆ ಮೆಲ್ಲಗೆ ಇಳಿಸಿ. ವರ್ಷಕ್ಕೂ ಮೇಲೆ ತಗೊಂಡವರಿಗೆ ತಿಂಗಳಿಗೆ 10% ಇಲ್ಲವೇ ಅದಕ್ಕೂ ನಿಧಾನವಾಗಿ ಇಳಿಸಿದರೆ ಮೈ ತಡೆದುಕೊಳ್ಳುತ್ತದೆ ಎಂದು 2022ರ ಅಮೆರಿಕದ ಮಾರ್ಗಸೂಚಿಯೇ ಹೇಳುತ್ತದೆ. ಹೆಚ್ಚುತ್ತಲೇ ಹೋಗುತ್ತಿದೆ, ಕೈ ತಡೆಯುತ್ತಿಲ್ಲ ಎಂದಾದರೆ ಅದೂ ಕಾಯಿಲೆಯೇ, ಅದಕ್ಕೂ ಮದ್ದಿದೆ, ಬೈಗುಳ ಮದ್ದಲ್ಲ.

ಮೇಷ್ಟ್ರು ಈಗ ಬೇರೆ ಡಾಕ್ಟರನ್ನು ಕಂಡು, ವ್ಯಾಯಾಮ ಕಲಿತು, ಎಂಟು ತಿಂಗಳಲ್ಲಿ ಬೆಳಗಿನ ಗುಳಿಗೆ ಬಿಟ್ಟಿದ್ದಾರೆ. ರಾತ್ರಿಯದು ಉಳಿದಿದೆ. ಮಗನದು ಹದಿನಾಲ್ಕು ಚೀಟಿನಲ್ಲೇ ನಿಂತಿದೆ.