ಸೊನ್ನೆ ಬಿಲ್ಲಿನ ಸೂರ್ಯ

ತಾರಸಿಗೆ ಸೌರಫಲಕ ಹಾಕಿಸುವವರಿಗೆಂದು ಪಿಎಂ ಸೂರ್ಯಘರ್ ಯೋಜನೆ 2024ರ ಫೆಬ್ರುವರಿಯಲ್ಲಿ ಶುರುವಾಯಿತು. ಮೊದಲ 2 ಕಿಲೋವಾಟ್‌ಗೆ ತಲಾ 30,000 ರೂಪಾಯಿ ಸಹಾಯಧನ, ಮೂರನೆಯದಕ್ಕೆ 18,000; ಅಲ್ಲಿಗೆ 78,000, ಮುಂದೆ ಇಲ್ಲ. ಯೋಜನೆಯ ಪೂರ್ಣ ಹೆಸರಿನಲ್ಲೇ ‘ಮುಫ್ತ್’ (ಪುಕ್ಕಟೆ) ಇದೆ. ಆ ಪದದ ನಿಜವಾದ ಅರ್ಥ ತಿಳಿಯುವುದು ವಿದ್ಯುತ್ ಕಚೇರಿಯ ಕೌಂಟರಿನಲ್ಲಿ.

ಮನೆಯೊಡೆಯ: 78,000 ಕೊಟ್ಟರೆ ನಾಳೆಯೇ ಹಾಕಿಸ್ತೀನಿ ಸಾರ್.

ಗುಮಾಸ್ತ: ಮೊದಲು ಹಾಕಿಸಿ ರಾಯರೇ, ಆಮೇಲೆ ಖಾತೆಗೆ ಬರುತ್ತೆ.

ಮನೆಯೊಡೆಯ: ಅಂದರೆ ಪುಕ್ಕಟೆಗೂ ಮುಂಗಡ ನಂದೇ?

ಗುಮಾಸ್ತ: ಬ್ಯಾಂಕ್ ಸಾಲ ಇದೆಯಲ್ಲ. ಈಗ ಬಿಲ್ ಎಷ್ಟು ಬರ್ತಿದೆ?

ಮನೆಯೊಡೆಯ: ಸೊನ್ನೆ. ಗೃಹಜ್ಯೋತಿ.

ಗುಮಾಸ್ತ: ಸೊನ್ನೆಯನ್ನೂ ಇಳಿಸೋಕೆ ಬಂದ್ರಾ?

ಕರ್ನಾಟಕದ ತೊಡಕು ಇದೇ. ರಾಜ್ಯವು ಗೃಹಜ್ಯೋತಿಯಡಿ 2023ರಿಂದ ಮನೆಗೆ ತಿಂಗಳಿಗೆ 200 ಯೂನಿಟ್‌ವರೆಗೆ ವಿದ್ಯುತ್ ಉಚಿತ ಕೊಡುತ್ತಿದೆ. ಕೇಂದ್ರವು ತಾರಸಿಯಿಂದಲೇ 300 ಯೂನಿಟ್ ಪಡೆಯಿರಿ ಎನ್ನುತ್ತದೆ. ಎರಡು ಮದುವೆಮನೆಯಿಂದ ಕರೆ ಬಂದವನು ಮುಯ್ಯಿ ಕೇಳದ ಕಡೆ ಎಲೆ ಹಾಕಿಸಿಕೊಳ್ಳುತ್ತಾನೆ.

ಹೊಲಕ್ಕೆ ಕೇಂದ್ರದ ಸೌರಯೋಜನೆ ಪಿಎಂ ಕುಸುಮ್, 2019ರದು. ಬಂಜರು ನೆಲದಲ್ಲಿ 500 ಕಿಲೋವಾಟ್‌ನಿಂದ 2 ಮೆಗಾವಾಟ್‌ವರೆಗಿನ ಸ್ಥಾವರಕ್ಕೆ ಅವಕಾಶವಿದೆ. ಸೌರಪಂಪಿಗೆ ಕರ್ನಾಟಕದಲ್ಲಿ ಕೇಂದ್ರದ ಪಾಲು ಶೇ 30, ರಾಜ್ಯದ್ದು 50, ರೈತನದು 20. ಆದರೆ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕಂಬದ ಕರೆಂಟೂ ಪುಕ್ಕಟೆಯೇ.

ರೈತ: ಮತ್ತೆ ಆ ಇಪ್ಪತ್ತು ಪಾಲು ಯಾಕೆ ಕೊಡ್ಲಿ ಸಾಹೇಬ್ರೆ?

ಅಧಿಕಾರಿ: ಅದು ನಡುರಾತ್ರಿ ಬರೋ ಪುಕ್ಕಟೆ ಕಣಪ್ಪ. ಇದು ಹಗಲು ಬರುತ್ತೆ.

ರೈತ: ನಿದ್ದೆಗೆ ರೇಟು ಅನ್ನಿ. ಬೋರಿನಾಗೆ ನೀರೇ ಇಲ್ವಲ್ಲ, ಅದಕ್ಕೆ ಸಬ್ಸಿಡಿ?

ಅಧಿಕಾರಿ: ಅದು ಬೇರೆ ಇಲಾಖೆ.