ರಿಟ್ ಅಣ್ಣ ಮತ್ತು ಇತರರು

ಆರ್.ಟಿ. ನಗರ, ಗಂಗಾನಗರ, ಹೆಬ್ಬಾಳದ ಕೆಂಪಾಪುರ, ಯಶವಂತಪುರದ ಮಗ್ಗುಲಿನ ಮತ್ತಿಕೆರೆ, ಎಲ್ಲೆಲ್ಲಿ ಹುಡುಗರ ಪಿಜಿ ಇದೆಯೋ ಅಲ್ಲೆಲ್ಲ ಒಬ್ಬ ರಿಟ್ ಅಣ್ಣ ಇರುತ್ತಾನೆ. ವಯಸ್ಸೆಷ್ಟು ಅಂದರೆ, "ಯಾವ ಅಧಿಸೂಚನೆಯ ಕೊನೇ ದಿನಾಂಕಕ್ಕೆ?" ಎಂದು ತಿರುಗಿ ಕೇಳುತ್ತಾನೆ. ಕೂದಲು ಹಣೆಯಿಂದ ಹಿಂದೆ ಸರಿದು ವಯೋಮಿತಿಯನ್ನು ಆಗಲೇ ದಾಟಿದೆ. ಕಂಕುಳಲ್ಲಿ ದಾರ ಕಟ್ಟಿದ ಕೇಸಿನ ಫೈಲು. ಹುಡುಗರು ಇಟ್ಟ ಹೆಸರಿಗೆ ಅವನದೇ ಒಂದು ಆಕ್ಷೇಪಣೆಯೂ ಉಂಟು. "ನೇಮಕಾತಿ ತಕರಾರು ಮೊದಲು ಹೋಗೋದು ಕೆಎಟಿಗೆ, ಅಂದ್ರೆ ಆಡಳಿತ ನ್ಯಾಯಮಂಡಳಿಗೆ. ಅಲ್ಲಿ ಹಾಕೋದು ಅರ್ಜಿ ಕಣ್ರೋ. ರಿಟ್ ಏನಿದ್ರೂ ಹೈಕೋರ್ಟಿಗೆ ಹತ್ತಿದ ಮೇಲೆ." ಆಕ್ಷೇಪಣೆ ವಜಾ ಆಗಿದೆ. ಅರ್ಜಿ ಅಣ್ಣ ಅಂದರೆ ತಾಲ್ಲೂಕು ಕಚೇರಿ ಮುಂದೆ ಕೂತವನ ಹಾಗೆ ಕೇಳಿಸುತ್ತದಂತೆ.

ಗಂಗಾನಗರದ ನಮ್ಮ ರಿಟ್ ಅಣ್ಣ ಶಿರಾ ಕಡೆಯವನು. ಕೆಎಎಸ್ ಅಧಿಕಾರಿಯಾಗಿಯೇ ಊರಿಗೆ ಬರುತ್ತೇನೆಂದು ಹೇಳಿ ಯಶವಂತಪುರದಲ್ಲಿ ಬಸ್ಸಿಳಿದವನು. ಅವನ ಪಂಚಾಂಗದಲ್ಲಿ ಯುಗಾದಿ, ದೀಪಾವಳಿ ಇಲ್ಲ, ರದ್ದತಿಗಳಿವೆ. 2011ರ ಸಾಲಿನ 362 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳ ಪಟ್ಟಿಯನ್ನು ಸರ್ಕಾರ 2014ರಲ್ಲಿ ಕೈಬಿಟ್ಟಾಗ ಪಿಜಿಗೆ ಬಂದ. 545 ಪಿಎಸ್‌ಐ ಹುದ್ದೆಗಳ ಪರೀಕ್ಷೆ 2022ರ ಏಪ್ರಿಲ್‌ನಲ್ಲಿ ರದ್ದಾದಾಗ ತಂಗಿಯ ಮದುವೆ. ಮರುಪರೀಕ್ಷೆ ಸರಿ ಎಂದು 2023ರ ನವೆಂಬರ್‌ನಲ್ಲಿ ಹೈಕೋರ್ಟ್ ಹೇಳಿದಾಗ ಆ ತಂಗಿಗೆ ಹೆಣ್ಣುಮಗು. 2024ರ ಜನವರಿ 23ರಂದು ಮರುಪರೀಕ್ಷೆ ನಡೆದಾಗ ಮಗುವಿನ ನಾಮಕರಣ. ಸೋದರಮಾವ ಮಾತ್ರ ಒಬ್ಬ ಹುಡುಗನ ಪ್ರವೇಶಪತ್ರದ ಫೋಟೊ ಸರಿಮಾಡಿಸಲು ಜೆರಾಕ್ಸ್ ಅಂಗಡಿಯಲ್ಲಿದ್ದ.

ಆ ಪಿಎಸ್‌ಐ ಕಾಲದಲ್ಲೇ ಅವನ ಪ್ರತಿಭೆ ಪೂರ್ತಿ ಅರಳಿದ್ದು. ಮೇಲಿನ ಮಹಡಿಯ ಹುಡುಗ ಓದಿ ಪಾಸಾಗಿ ಪಟ್ಟಿಯಲ್ಲಿದ್ದವನು. "ನಾನೇನ್ ಬ್ಲೂಟೂತ್ ಇಟ್ಕೊಂಡಿದ್ನಾ ಅಣ್ಣ? ಯಾರೋ ಓಎಂಆರ್ ತಿದ್ದಿದ್ರೆ ನಾನ್ಯಾಕೆ ಇನ್ನೊಂದ್ ಸಲ ಬರೀಬೇಕು?" ಎಂದು ಅತ್ತ. ಕೆಳಗಿನ ಮಹಡಿಯವನು ಸ್ವಲ್ಪದರಲ್ಲಿ ಪಟ್ಟಿ ತಪ್ಪಿದವನು. "ತಿದ್ದಿದೋರ ದೆಸೆಯಿಂದ ನನ್ನ ಸೀಟು ಹೋಯ್ತಲ್ಲ ಅಣ್ಣ, ಪೂರ್ತಿ ರದ್ದಾಗ್ಲೇಬೇಕು" ಎಂದು ಅವನೂ ಅತ್ತ. ರಿಟ್ ಅಣ್ಣ ಮೇಲಿನವನಿಗೆ ಸಂವಿಧಾನದ 14ನೇ ವಿಧಿ ವಿವರಿಸಿದ. ಮೆಟ್ಟಿಲಿಳಿದು ಬಂದು ಕೆಳಗಿನವನಿಗೂ 14ನೇ ವಿಧಿಯನ್ನೇ ವಿವರಿಸಿದ. ವಿಧಿ ಎರಡು ಮಹಡಿಗಳಲ್ಲೂ ಸಲೀಸಾಗಿ ಕೂತಿತು. ಇಬ್ಬರೂ ವಕೀಲರ ಫೀಸಿಗೆ ಅವನ ಮುಂದೆಯೇ ಚಂದಾ ಎತ್ತಿದರು, ಒಂದೇ ಪಿಜಿಯಲ್ಲಿ. ಕೊಟ್ಟವರಲ್ಲಿ ಕೆಲವರು ಎರಡೂ ಕಡೆ ಕೊಟ್ಟರು.

ನಗಬಹುದು. ಆದರೆ ಈ ಮನುಷ್ಯ ಹೇಳಿದ್ದು ಬಹಳ ಸಲ ನಿಜವಾಗಿದೆ, ನನಗೆ ಕಿರಿಕಿರಿಯಾಗುವುದು ಅದೇ. 384 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳ ಪೂರ್ವಭಾವಿ ಪರೀಕ್ಷೆ 2024ರ ಆಗಸ್ಟ್ 27ರಂದು ನಡೆಯಿತಲ್ಲ, ಆವತ್ತು ಸಂಜೆಯೇ ಪ್ರಶ್ನೆಪತ್ರಿಕೆ ಹಿಡಿದುಕೊಂಡು ಚಹಾ ಅಂಗಡಿಗೆ ಬಂದ. "ಸಾರ್, ಈ ಕನ್ನಡ ಓದಿ ಅರ್ಥ ಹೇಳಿ." ಓದಿದೆ. ಕನ್ನಡವೇ, ಅನುಮಾನವಿಲ್ಲ, ಅರ್ಥವಾಗಲು ಇಂಗ್ಲಿಷ್ ನೋಡಬೇಕಾಯಿತು. "ಕನ್ನಡ ಮಾಧ್ಯಮದೋರಿಗೆ 5 ಪರ್ಸೆಂಟ್ ಮೀಸಲಾತಿ ಕೊಡ್ತಾರೆ ಸಾರ್, ಕನ್ನಡ ಒಂದು ಕೊಡಲ್ಲ" ಅಂದ. ಕೆಲವೇ ದಿನಗಳಲ್ಲಿ ಸರ್ಕಾರ ಮರುಪರೀಕ್ಷೆಗೆ ಹೇಳಿತು. ಡಿಸೆಂಬರ್ 29ರಂದು ಮತ್ತೆ ನಡೆಯಿತು, ಮತ್ತೆ ಅನುವಾದದ ತಪ್ಪುಗಳ ಗಲಾಟೆ. ರಿಟ್ ಅಣ್ಣನ ಮುಖದಲ್ಲಿ ಆವತ್ತು ದುಃಖವಿತ್ತು ಎಂದರೆ ನಾನು ನಂಬುವುದಿಲ್ಲ.

ಕಾನೂನು ಅವನಿಗೆ ಈಗ ಉಸಿರಾಟ. ಪಿಜಿ ಮಾಲೀಕರು ಭಾನುವಾರದ ಚಿಕನ್ ನಿಲ್ಲಿಸಿದಾಗ, ಆಯ್ಕೆ ಪ್ರಕ್ರಿಯೆ ಶುರುವಾದ ಮೇಲೆ ಆಟದ ನಿಯಮ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಐದು ನ್ಯಾಯಮೂರ್ತಿಗಳ ಪೀಠ 2024ರ ನವೆಂಬರ್‌ನಲ್ಲಿ ಕೊಟ್ಟ ತೀರ್ಪನ್ನು ಮುಂದಿಟ್ಟ. ಅಡ್ವಾನ್ಸ್ ಪಡೆದ ದಿನವೇ ಪ್ರಕ್ರಿಯೆ ಶುರು ಎಂಬುದು ಅವನ ವಾದ. ಮಾಲೀಕರು ಮೊಟ್ಟೆಗೆ ರಾಜಿಯಾದರು. ಬೆಳಗಿನ ಬಾತ್‌ರೂಮಿಗೆ ರೋಸ್ಟರ್ ಬಿಂದು ಗುರುತಿಸಿ ಬಾಗಿಲಿಗೆ ಅಂಟಿಸಿದವನೂ ಅವನೇ. ಬ್ಯಾಕ್‌ಲಾಗ್ ಹೆಚ್ಚಾಗಿ ಆ ವ್ಯವಸ್ಥೆ ಎರಡನೇ ದಿನ ಕುಸಿಯಿತು.

ಪಿಜಿಯಲ್ಲಿ ಹೊಸಬರನ್ನು ಮೊದಲು ಕೇಳುವುದು ಊರು, ಆಮೇಲೆ ಕೆಟಗರಿ, ಆಮೇಲೆ ಹೆಸರು. ಜಿಎಂ ರೂರಲ್, 2ಎ, 3ಬಿ, ಎಸ್‌ಸಿ ಎಲ್ಲರೂ ಒಂದೇ ಸಾಂಬಾರಿಗೆ ಕೈ ಚಾಚುತ್ತ, ಪಕ್ಕದವನ ಕಟ್‌ಆಫ್ ತನಗಿಂತ ಸುಲಭ ಎಂದು ಮನಸಾರೆ ನಂಬಿದ್ದಾರೆ. ರಾಯಚೂರಿನ ಹುಡುಗ, "ಅಣ್ಣಾ, ನಂಗ ಕಲ್ಯಾಣ ಕರ್ನಾಟಕದ 371ಜೆ ಐತಿ, ಆದ್ರೂ ಕಟ್‌ಆಫ್ ದಾಟವಲ್ದು" ಎನ್ನುತ್ತಾನೆ. ಮಾತು ಜಗಳಕ್ಕೆ ತಿರುಗಿತೋ, ರಿಟ್ ಅಣ್ಣ 1962ಕ್ಕೆ ಹೋಗುತ್ತಾನೆ. "50 ಪರ್ಸೆಂಟಿನ ಗೆರೆ ಎಳೆದದ್ದೇ ನಮ್ಮ ಮೈಸೂರು ರಾಜ್ಯದ ಬಾಲಾಜಿ ಕೇಸಲ್ಲಿ ಕಣ್ರೋ! ಮೆಡಿಕಲ್, ಎಂಜಿನಿಯರಿಂಗ್ ಸೀಟಿಗೆ 68 ಅಂದಿದ್ರು, ಕೋರ್ಟು ಒಪ್ಪಲಿಲ್ಲ." 2022ರಲ್ಲಿ ರಾಜ್ಯ ಅದನ್ನು ಎಸ್‌ಸಿ 17, ಎಸ್‌ಟಿ 7, ಹಿಂದುಳಿದ ವರ್ಗ 32 ಸೇರಿ 56ಕ್ಕೆ ಏರಿಸಿತು. ಎಸ್‌ಸಿ ಒಳಮೀಸಲಾತಿ ತೀರ್ಮಾನವಾಗಲಿ ಎಂದು ಹೊಸ ಅಧಿಸೂಚನೆಗಳನ್ನು ತಡೆಹಿಡಿದಿದ್ದ ತಿಂಗಳುಗಳಲ್ಲಿ ಇಡೀ ಪಿಜಿ ಅವನ ಕೋಣೆಯಲ್ಲೇ ಇರುತ್ತಿತ್ತು. ಓದಲು ಏನೂ ಇರಲಿಲ್ಲ, ಕೇಳಲು ಅವನಿದ್ದ.

"ಯಾವಾಗ ಮುಗಿಯತ್ತೋ ನಿನ್ನ ಕೇಸು?" ಎಂದರೆ 1998ರ ಗೆಜೆಟೆಡ್ ಪ್ರೊಬೇಷನರಿ ಬ್ಯಾಚಿನ ಉದಾಹರಣೆ ಕೊಡುತ್ತಾನೆ. 1998, 1999, 2004ರ ಸಾಲಿನ ಆಯ್ಕೆಗಳ ಬಗ್ಗೆ ಹೈಕೋರ್ಟ್ ತೀರ್ಪು ಕೊಟ್ಟದ್ದು 2016ರಲ್ಲಿ. ಪಟ್ಟಿಯಲ್ಲಿದ್ದವರು ಅಷ್ಟರಲ್ಲಿ ಬಡ್ತಿಯನ್ನೂ ಕಂಡಿದ್ದರು. ಇದನ್ನು ಕೇಳಿದ ಯಾರೇ ಆದರೂ ಊರಿಗೆ ಬಸ್ ಹತ್ತಬೇಕು. ಇವನು ಮಾತ್ರ ಹುರುಪಿನಿಂದ, "ನೋಡಿ ಸಾರ್, ಕೊನೆಗೂ ಬಂತಲ್ಲ!" ಎನ್ನುತ್ತಾನೆ.

ಮದುವೆಯ ಮಾತೆತ್ತಿದಾಗೆಲ್ಲ ತಾಯಿಗೆ "ಅಂತಿಮ ಆದೇಶಕ್ಕೆ ಒಳಪಟ್ಟು" ಎಂದೇ ಉತ್ತರ. ಕಡೆಗೆ ಆ ತಾಯಿ ಶಿರಾದಿಂದ ಬಂದು, ಇವನಿಗೆ ಇಸ್ತ್ರಿ ಶರ್ಟು ಹಾಕಿಸಿ, ಯಲಹಂಕ ನ್ಯೂಟೌನಿಗೆ ಹೆಣ್ಣು ನೋಡಲು ಕರೆದೊಯ್ದರು. ಹುಡುಗಿಯೂ ಪರೀಕ್ಷೆ ಬರೆದವಳು. ಗ್ರೂಪ್ ಸಿ ಹುದ್ದೆಯೊಂದರ ತಾತ್ಕಾಲಿಕ ಆಯ್ಕೆ ಪಟ್ಟಿಯಲ್ಲಿ ಹೆಸರಿದೆ, ಆದೇಶ ಕೈಗೆ ಬಂದಿಲ್ಲ, ಯಾರೋ ಪುಣ್ಯಾತ್ಮರು ತಡೆಯಾಜ್ಞೆ ತಂದಿದ್ದಾರೆ ಎಂದು ಅವಳ ತಂದೆ ನಿಟ್ಟುಸಿರುಬಿಟ್ಟರು. ರಿಟ್ ಅಣ್ಣ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು, ಹುಡುಗಿಯ ಹೆಸರನ್ನು ಇನಿಷಿಯಲ್ ಸಮೇತ ಕೇಳಿದ. ಫೈಲು ಬಿಚ್ಚಿದ. ಬೆರಳು ಹದಿನಾಲ್ಕನೇ ಪ್ರತಿವಾದಿಯ ಮೇಲೆ ನಿಂತಿತು.

"ನೋಟಿಸ್ ತಲುಪಿತ್ತಾ?" ಎಂದು ಮೆಲ್ಲಗೆ ಕೇಳಿದ.

"ತಲುಪಿತ್ತು," ಎಂದಳು ಹುಡುಗಿ, ಕಾಫಿ ಲೋಟವನ್ನು ಅವನ ಮುಂದಿನಿಂದ ತೆಗೆದುಕೊಳ್ಳುತ್ತಾ. "ನಮ್ಮ ಲಾಯರ್ ವಕಾಲತ್ತು ಹಾಕಿದಾರೆ. ಏನಿದ್ರೂ ಅವರ ಹತ್ರನೇ ಮಾತಾಡಿ."