ಮುಂದಿನ ಸೀಟಿನ ಭಾವ

ಮಲೆನಾಡಿಗೆ ಹೊರಟ ಯಾವ ಇನ್ನೋವಾದೊಳಗೆ ಇಣುಕಿದರೂ ಡ್ರೈವರ್ ಪಕ್ಕದಲ್ಲಿ ಒಬ್ಬ ಭಾವ ಇದ್ದೇ ಇರುತ್ತಾರೆ. ಕೆಲವು ಮನೆಗಳಲ್ಲಿ ಅವರು ಚಿಕ್ಕಪ್ಪ, ಕೆಲವೆಡೆ ಸೋದರಮಾವ. ಹುದ್ದೆ ಮಾತ್ರ ಒಂದೇ. ಅವರಿಗೆ ಗಾಡಿ ಓಡಿಸಲು ಬರುವುದಿಲ್ಲ. ಹಾಗಂತ ಸುಮ್ಮನೆ ಕೂರುವವರೂ ಅಲ್ಲ. ತಿರುವು ಬಂದಾಗಲೆಲ್ಲ ಅವರ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತದೆ, ಬಾಯಿ "ಹಾರ್ನ್ ಹೊಡಿ, ಹಾರ್ನ್ ಹೊಡಿ" ಎನ್ನುತ್ತದೆ. ಘಟ್ಟದಲ್ಲೇ ತಲೆ ನರೆಸಿಕೊಂಡ ಡ್ರೈವರ್ "ಆಯ್ತು ಸಾರ್" ಅಂದು ತನ್ನ ಪಾಡಿಗೆ ಸ್ಟಿಯರಿಂಗ್ ತಿರುಗಿಸುತ್ತಾನೆ.

ಭಾವ ಊರು ನೋಡುವುದಿಲ್ಲ, ಕವರ್ ಮಾಡುತ್ತಾರೆ. ಬೇಲೂರು, ಮುಳ್ಳಯ್ಯನಗಿರಿ, ಶೃಂಗೇರಿ, ಆಗುಂಬೆ, ಎಲ್ಲ ಎರಡು ದಿನದಲ್ಲಿ. ನಿಮಿಷದ ಲೆಕ್ಕದ ಪಟ್ಟಿ ವಾರದ ಮೊದಲೇ ವಾಟ್ಸಾಪಿಗೆ ಬಂದಿರುತ್ತದೆ. ಬೆಂಗಳೂರು ಬಿಡಬೇಕಾದ್ದು ಬೆಳಗಿನ ನಾಲ್ಕಕ್ಕೆ, ಬಿಡುವುದು ಆರೂವರೆಗೆ. ಕಳೆದುಹೋದ ಎರಡೂವರೆ ಗಂಟೆಯನ್ನು ಅವರು ವಸೂಲು ಮಾಡುವುದು ಹೊಯ್ಸಳ ವಿಷ್ಣುವರ್ಧನನಿಂದ. 1117ರಲ್ಲಿ ಚೆನ್ನಕೇಶವನ ಪ್ರತಿಷ್ಠೆಯಾಯಿತು, ಗುಡಿಯ ಕೆಲಸ 103 ವರ್ಷ ನಡೆಯಿತು ಎಂದು ಗೈಡ್ ಹೇಳುತ್ತಿದ್ದರೆ ಭಾವ ವಾಚು ನೋಡಿಕೊಂಡು, "ನಮಗೆ 40 ನಿಮಿಷ ಸಾಕು" ಎನ್ನುತ್ತಾರೆ. ದರ್ಪಣಸುಂದರಿಯ ಮುಂದೆ ಮೈಮರೆತ ಅಕ್ಕನಿಗೆ, "ಅವಳ ಅಲಂಕಾರ ಮುಗಿಯೋದು ಯಾವಾಗ, ನಾವು ಊಟ ಮಾಡೋದು ಯಾವಾಗ?"

ಮರುದಿನ ಕೈಮರ ದಾಟಿ ತಿರುವುಗಳು ಶುರುವಾದವು ಅಂದರೆ ಹಿಂದಿನ ಸೀಟಿನದು ಬೇರೆಯೇ ಲೋಕ. ನಿಂಬೆಹಣ್ಣು ಮೂಸುವವರು, ಪ್ಲಾಸ್ಟಿಕ್ ಕವರ್ ಬಿಡಿಸಿಟ್ಟುಕೊಂಡವರು, ಬೆಳಿಗ್ಗೆ ತಿಂದ ಚಿತ್ರಾನ್ನದ ಬಗ್ಗೆ ಅನುಮಾನ ಬಂದವರು. "ಕಿಟಕಿ ಕಡೆ ನೋಡಬೇಡಿ ಅಂತ ಬಡ್ಕೊಂಡೆ!" ಎಂದು ಗದರಿದ ಭಾವ, ಎರಡು ತಿರುವು ಕಳೆದದ್ದೇ, "ನೋಡ್ರೋ ಕಿಟಕಿ ಕಡೆ, ಎಂಥಾ ವ್ಯೂ!"

ಮುಳ್ಳಯ್ಯನಗಿರಿ ರಾಜ್ಯದಲ್ಲೇ ಎತ್ತರದ ಶಿಖರ, 1,930 ಮೀಟರ್. ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿದರೆ ಮೇಲೆ ಬರೀ ಮಂಜು. ಪಕ್ಕದವರ ಮೂಗೂ ಕಾಣುವುದಿಲ್ಲ. ಭಾವ ಎದೆಗುಂದುವವರಲ್ಲ. ಮಂಜಿಗೇ ಬೆರಳು ಚಾಚಿ, "ಅದು ಬಾಬಾಬುಡನ್‌ಗಿರಿ, ಆಚೆಗೆ ಕೆಮ್ಮಣ್ಣುಗುಂಡಿ. ಕಾಣ್ತಾ?" ಕಾಣ್ತು ಎಂದವರಿಗೆ ಕೆಳಗಿಳಿಯಲು ಅಪ್ಪಣೆ. ಕಾಣಲಿಲ್ಲ ಎಂದ ನನ್ನ ಮಗನಿಗೆ, ಬಾಬಾ ಬುಡನ್ ಯೆಮೆನ್‌ನಿಂದ ಏಳು ಕಾಫಿಬೀಜ ತಂದ ಕಥೆಯನ್ನು ಆ ಚಳಿಯಲ್ಲಿ ಪೂರ್ತಿ ಕೇಳುವ ಶಿಕ್ಷೆ.

ಶೃಂಗೇರಿಯ ವಿದ್ಯಾಶಂಕರ ದೇವಾಲಯದಲ್ಲಿ 12 ರಾಶಿಕಂಬಗಳಿವೆ. ಆಯಾ ತಿಂಗಳ ಎಳೆಬಿಸಿಲು ಆಯಾ ಕಂಬದ ಮೇಲೆ ಬೀಳುತ್ತದೆ ಎನ್ನುತ್ತಾರೆ. ಭಾವ ಎಲ್ಲರನ್ನೂ ಅವರವರ ಕಂಬ ಹುಡುಕಲು ಅಟ್ಟಿದರು. ಅಲ್ಲಿಂದಾಚೆ ನಮಗೆ ಹೆಸರೇ ಇಲ್ಲ. "ತುಲಾ ಎಲ್ಲಿ? ವೃಷಭ, ಬೇಗ ಬಾ! ಕನ್ಯಾ ಚಪ್ಪಲಿ ಬಿಟ್ಟ ಕಡೆ ಇರಬೇಕು, ಯಾರಾದ್ರೂ ಕರ್ಕೊಂಬನ್ನಿ!" ಕನ್ಯಾ ಅಂದರೆ ಎಪ್ಪತ್ತು ದಾಟಿದ ನಮ್ಮ ಸೋದರತ್ತೆ. ತುಂಗೆಯ ಮೆಟ್ಟಿಲ ಮೇಲೆ ಮೀನಿಗೆ ಮಂಡಕ್ಕಿ ಹಾಕುತ್ತಿದ್ದ ಮಕ್ಕಳಿಗೆ ಈ ಅವಸರ ತಟ್ಟಲಿಲ್ಲ, ಮೀನುಗಳಿಗೂ ತಟ್ಟಲಿಲ್ಲ.

ಇಷ್ಟೆಲ್ಲ ಆಡಿಕೊಳ್ಳುವ ನಾವು ರೂಮು ಹುಡುಕಿದವರಲ್ಲ, ಟೋಲ್ ಕಟ್ಟಿದವರಲ್ಲ, ಅತ್ತೆಯ ಬಿ.ಪಿ. ಮಾತ್ರೆ ನೆನಪಿಟ್ಟು ತಂದವರೂ ಅಲ್ಲ. ಅದೂ ಭಾವನದೇ ಖಾತೆ.

ಆಗುಂಬೆಯ ಸೂರ್ಯಾಸ್ತದ ಕಟ್ಟೆ ತಲುಪಿದಾಗ ನಾಲ್ಕೂಕಾಲು. ಸೂರ್ಯನಿಗೆ ಮುಳುಗುವ ಯೋಚನೆಯೇ ಇರಲಿಲ್ಲ. ಪಟ್ಟಿಯಲ್ಲಿ ಅವನಿಗೆ ಇಟ್ಟಿದ್ದದ್ದು 20 ನಿಮಿಷ. ಭಾವ ಹಣೆಗೆ ಕೈ ಅಡ್ಡ ಹಿಡಿದು ಒಮ್ಮೆ ಮೇಲೆ ನೋಡಿದರು, ಒಮ್ಮೆ ವಾಚು ನೋಡಿದರು. "ನಾವು ಟೈಮಿಗೆ ಸರಿಯಾಗಿ ಬಂದಿದ್ದೀವಿ, ಲೇಟಾಗಿರೋದು ಅವನೇ. ಹತ್ತಿ, ಹತ್ತಿ!"

ಡ್ರೈವರ್ ಬಾನೆಟ್ ಎತ್ತಿ ನಿಂತಿದ್ದ. "ಇಂಜಿನ್ ಕಾದಿದೆ ಸಾರ್. ತಣ್ಣಗಾಗದೆ ಘಟ್ಟ ಇಳಿಸೋಕಾಗಲ್ಲ."

"ಎಷ್ಟು ಹೊತ್ತಾಗತ್ತಪ್ಪಾ?"

ಅವನು ಇಂಜಿನ್ ಕಡೆ ನೋಡಲೇ ಇಲ್ಲ. ಪಡುವಣದತ್ತ ಕಣ್ಣು ಕಿರಿದು ಮಾಡಿ, "ಎರಡು ಗಂಟೆ ಆಗಬಹುದು ಸಾರ್" ಅಂದ.